ಆನ್‌ಲೈನ್ ಸ್ನಾತಕೋತ್ತರ ಪದವಿ: ಯಾರಿಗೆ, ಯಾತಕ್ಕೆ?



ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆದುಬರುತ್ತಿದೆಯೋ ಆ ಮೇಷ್ಟ್ರು ಕಾಲೇಜಿನ ಮೆಟ್ಟಿಲು ಹತ್ತಿ ಎಂ.ಎ. ಮಾಡಿದವರಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಲೇ, ಮೈಸೂರಿನಿಂದ ಅಂಚೆಯಲ್ಲಿ ಬರುತ್ತಿದ್ದ ಪಾಠಗಳನ್ನು ಓದಿ ಪರೀಕ್ಷೆ ಕಟ್ಟಿದವರು. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಅಂದು ಅಂಚೆಯ ಲಕೋಟೆಯಲ್ಲಿ ಬರುತ್ತಿದ್ದ ಪಾಠ ಇಂದು ಮೊಬೈಲಿನ ಪರದೆಗೆ ಬಂದಿದೆ. ಅದನ್ನು ನಂಬಿ ಎರಡು ವರ್ಷ ಹಾಕಬಹುದೇ ಎಂದು ಕೇಳುವವರು ಈ ಸಭೆಯಲ್ಲೂ ಇದ್ದಾರೆ. ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿ ತರಗತಿಯಲ್ಲೂ, ದೂರಶಿಕ್ಷಣದ ಭಾನುವಾರದ ಸಂಪರ್ಕ ತರಗತಿಗಳಲ್ಲೂ ಪಾಠ ಮಾಡಿದವಳು ನಾನು. ಅದೇ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

"ಮೇಡಂ, ಆನ್‌ಲೈನಲ್ಲಿ ಎಂ.ಎ. ಮಾಡಿದ್ರೆ ಉಪಯೋಗ ಇದೆಯಾ?" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ: "ಮುಗಿದ ಮೇಲೆ ಆ ಅಂಕಪಟ್ಟಿಯನ್ನು ಯಾರ ಮೇಜಿನ ಮೇಲೆ ಇಡ್ತೀಯ?" ಕೆಲವರು ತಕ್ಷಣ ಉತ್ತರಿಸುತ್ತಾರೆ: ಬಡ್ತಿಗೆ ಇಲಾಖೆಯ ಮುಂದೆ, ನೆಟ್ ಪರೀಕ್ಷೆಯ ಅರ್ಜಿಗೆ, ಕಂಪನಿಯ ಮ್ಯಾನೇಜರ್ ಮುಂದೆ. ಕೆಲವರು ಸುಮ್ಮನಾಗುತ್ತಾರೆ. ಪದವಿಯ ಬೆಲೆ ಎಷ್ಟೆಂದು ತೀರ್ಮಾನಿಸುವವರು ಆ ಮೇಜಿನ ಆಚೆ ಕೂತವರು. ಆದ್ದರಿಂದ ವಿಚಾರವನ್ನು ಅಲ್ಲಿಂದಲೇ ಶುರು ಮಾಡಬೇಕು.

ಮನೆಯಲ್ಲೇ ಕೂತು ಪದವಿ ಪಡೆಯುವುದು ನಮ್ಮ ನಾಡಿಗೆ ಹೊಸದಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ರಾಷ್ಟ್ರಮಟ್ಟದ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋ ಹುಟ್ಟಿದ್ದು 1985ರಲ್ಲಿ. ನಮ್ಮ ಜಿಲ್ಲೆಗಳ ಹೈಸ್ಕೂಲು ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಪೊಲೀಸ್ ಪೇದೆಗಳು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಈ ದಾರಿಯಲ್ಲಿ ಪದವೀಧರರಾಗಿದ್ದಾರೆ. ಅವರ ಪದವಿಯನ್ನು ಎರಡನೇ ದರ್ಜೆಯದು ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಹಗಲು ದುಡಿದು ರಾತ್ರಿ ಓದಿದವರ ಉತ್ತರ ಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ರೆಗ್ಯುಲರ್ ವಿದ್ಯಾರ್ಥಿಗಳಲ್ಲಿ ಕಾಣದ ಪ್ರೌಢಿಮೆ ಎಷ್ಟೋ ಪತ್ರಿಕೆಗಳಲ್ಲಿ ಕಂಡಿದ್ದೇನೆ.

ಕಾನೂನಿನ ಮಾತೂ ಇವರ ಪರವಾಗಿಯೇ ಇದೆ. ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ಬಗ್ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2020ರ ಸೆಪ್ಟೆಂಬರ್‌ನಲ್ಲಿ ನಿಯಮಾವಳಿ ಹೊರಡಿಸಿತು. ಮಾನ್ಯತೆ ಪಡೆದ ಸಂಸ್ಥೆಯಿಂದ ಈ ವಿಧಾನಗಳಲ್ಲಿ ಪಡೆದ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಅದರಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಪ್ರಕಟಣೆಯ ಮೂಲಕ ಮತ್ತೊಮ್ಮೆ ಸ್ಪಷ್ಟಪಡಿಸಿತು.

ಈ ಮಾತಿನಲ್ಲಿ "ಮಾನ್ಯತೆ ಪಡೆದ" ಎಂಬ ಭಾಗದ ಮೇಲೆಯೇ ಎಲ್ಲವೂ ನಿಂತಿದೆ. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಯುಜಿಸಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನೂ ಕೊಟ್ಟದ್ದು ಮುಖ್ಯ ಆಕ್ಷೇಪಗಳಾಗಿದ್ದವು. ಮಾನ್ಯತೆ ಮರಳಿ ಬಂದದ್ದು 2018ರ ಆಗಸ್ಟ್‌ನಲ್ಲಿ. ತಪ್ಪು ಮೇಲಿನವರದು, ನಡುವಿನ ವರ್ಷಗಳಲ್ಲಿ ಒದ್ದಾಡಿದವರು ವಿದ್ಯಾರ್ಥಿಗಳು. ಪ್ರಾಮಾಣಿಕವಾಗಿ ಓದಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದ ಮಕ್ಕಳು ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಆ ಮಕ್ಕಳ ಮುಖ ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ದೇಶದ ಮಟ್ಟದಲ್ಲಿ ಇದಕ್ಕಿಂತ ಕಠಿಣವಾದ ಪ್ರಕರಣವೂ ಇದೆ. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ತೀರ್ಪು ಕೊಟ್ಟಿತು. 2001ರಿಂದ 2005ರ ನಡುವೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ನಡೆಸುವ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಊರ್ಜಿತ ಎಂದಿತು. ನಂತರ ಸೇರಿದವರಿಗೆ ಆ ಅವಕಾಶವೂ ಇರಲಿಲ್ಲ. ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿದವರು ಮತ್ತೆ ಪರೀಕ್ಷೆಗೆ ಕೂರಬೇಕಾಯಿತು.

ಆದ್ದರಿಂದ "ಇದು ದೊಡ್ಡ ಹೆಸರಿನ ವಿಶ್ವವಿದ್ಯಾಲಯ" ಎಂಬ ಸಮಾಧಾನ ಸಾಲದು. ಮಾನ್ಯತೆಯನ್ನು ಮೂರು ಕಡೆಯಿಂದ ನೋಡಬೇಕು: ಈ ಸಂಸ್ಥೆಗೆ, ಈ ಕೋರ್ಸಿಗೆ, ನೀವು ಸೇರುವ ಈ ವರ್ಷಕ್ಕೆ. ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಈ ಪಟ್ಟಿ ಇರುತ್ತದೆ. ಜಾಹೀರಾತಿನಲ್ಲಿ "ಯುಜಿಸಿ ಅನುಮೋದಿತ" ಎಂದು ಅಚ್ಚಾಗಿದ್ದರೂ, ಆ ಪಟ್ಟಿಯಲ್ಲಿ ನಿಮ್ಮ ಕೋರ್ಸಿನ ಹೆಸರನ್ನು ನೀವೇ ಕಣ್ಣಾರೆ ನೋಡಿ, ಆ ಪುಟವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. 2024ರಿಂದ ಪ್ರವೇಶಕ್ಕೆ ಡೆಬ್-ಐಡಿ ಎಂಬ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಅದನ್ನು ನಿಮ್ಮ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆಯ ಮೂಲಕ ನೀವೇ ಮಾಡಿಕೊಳ್ಳಿ. ಏಜೆಂಟರ ಕೈಗೆ ಕೊಡಬೇಡಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಮುಂತಾದ ಪದವಿಗಳನ್ನು ಈ ವಿಧಾನದಲ್ಲಿ ಕೊಡುವಂತಿಲ್ಲ. ಪಿಎಚ್.ಡಿ.ಯನ್ನಂತೂ ಕೊಡುವಂತೆಯೇ ಇಲ್ಲ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ, ಆಹಾರ ಮತ್ತು ಪೋಷಣೆಯಂಥ ಆರೋಗ್ಯ ಸಂಬಂಧಿ ವಿಷಯಗಳನ್ನೂ ಯುಜಿಸಿ ನಿಲ್ಲಿಸಿದೆ. ಅಕ್ಕ ಹೋದ ವರ್ಷ ಸೇರಿದಳು ಎಂದು ತಂಗಿ ಈ ವರ್ಷ ಕಣ್ಣು ಮುಚ್ಚಿ ಸೇರುವ ಹಾಗಿಲ್ಲ.

ಈಗ ಅಂಕಪಟ್ಟಿ ಇಡುವ ಆ ಮೇಜಿನ ವಿಷಯಕ್ಕೆ ಬರೋಣ. ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಬೇಕೆಂದು ಆನ್‌ಲೈನ್ ಎಂ.ಎ.ಗೆ ಸೇರುವವರು ಬಹಳ. ಅದರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಬರೆಯಲು ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 55, ಪರಿಶಿಷ್ಟ, ಹಿಂದುಳಿದ ವರ್ಗ ಮುಂತಾದವರಿಗೆ ಶೇ 50 ಅಂಕ ಬೇಕು. ಕೆಲಸದ ನಡುವೆ ಹೇಗೋ ಪಾಸಾದರೆ ಸಾಕು ಎಂದುಕೊಂಡು ಓದಿ ಶೇ 53ಕ್ಕೆ ನಿಂತ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಪದವಿ ಸಿಕ್ಕಿತು, ದಾರಿ ಸಿಗಲಿಲ್ಲ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಬೇಕೆನ್ನುವವರಿಗೆ ಬಿ.ಎಡ್. ಕೂಡ ಬೇಕು. ಸರ್ಕಾರಿ ನೌಕರರು ಪ್ರವೇಶ ಪಡೆಯುವ ಮುನ್ನವೇ ಇಲಾಖೆಯ ಅನುಮತಿ ಪತ್ರ ಪಡೆದಿರಬೇಕು. ಪದವಿ ಮುಗಿದ ಮೇಲೆ ಸೇವಾ ಪುಸ್ತಕದಲ್ಲಿ ಸೇರಿಸಿ ಎಂದು ಅರ್ಜಿ ಹಾಕಿದರೆ, ಅನುಮತಿ ಎಲ್ಲಿ ಎಂದೇ ಮೊದಲು ಕೇಳುತ್ತಾರೆ. ಖಾಸಗಿ ಕಂಪನಿಯಲ್ಲಿದ್ದರೆ ನಿಮ್ಮ ಎಚ್.ಆರ್. ವಿಭಾಗಕ್ಕೆ ಒಂದು ಇ-ಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಐಟಿ ಕ್ಷೇತ್ರದಲ್ಲಿ ಎಷ್ಟೋ ಮ್ಯಾನೇಜರುಗಳು ಪದವಿಗಿಂತ ಮಾಡಿದ ಕೆಲಸವನ್ನೇ ನೋಡುತ್ತಾರೆ. ಅಂಥವರ ಕೈಕೆಳಗೆ ಇದ್ದರೆ ಎರಡು ವರ್ಷದ ದುಡ್ಡು ಉಳಿಯುತ್ತದೆ. ಇನ್ನು, ಊರಲ್ಲೇ ಕೂತು ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ಮಾಡಿದರೆ ಆ ದೇಶದ ವಿದ್ಯಾರ್ಥಿ ವೀಸಾ ಬರುವುದಿಲ್ಲ, ಓದಿದ ಮೇಲೆ ಅಲ್ಲಿ ಕೆಲಸ ಮಾಡುವ ಅವಕಾಶವೂ ಅದರ ಜೊತೆ ಬರುವುದಿಲ್ಲ.

ಶುಲ್ಕ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಗಂಟೆ ಬೇಕು ಎಂದು ಯಾರೂ ಕೇಳುವುದಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಇದರದೇ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 80 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿಗೆ 2,400 ಗಂಟೆ. ಎರಡು ವರ್ಷಕ್ಕೆ 104 ವಾರ. ವಾರಕ್ಕೆ 23 ಗಂಟೆ!

ಈ ಲೆಕ್ಕವನ್ನು ನಾನು ಒಬ್ಬ ಹೈಸ್ಕೂಲು ಶಿಕ್ಷಕಿಯ ಜೊತೆ ಕೂತು ಹಾಕಿದ್ದೇನೆ. ಮೂವತ್ತು ದಾಟಿದವರು, ಇಬ್ಬರು ಮಕ್ಕಳು, ಅತ್ತೆಗೆ ಸಕ್ಕರೆ ಕಾಯಿಲೆ. ಒಂದು ಹಾಳೆಯಲ್ಲಿ ಅವರ ವಾರವನ್ನು ಬರೆದೆವು. ಬೆಳಗಿನ ಅಡುಗೆ, ಇಬ್ಬರು ಮಕ್ಕಳ ಡಬ್ಬಿ, ಎಂಟೂವರೆಯ ಬಸ್ಸು, ಶಾಲೆ, ಸಂಜೆಯ ಬಸ್ಸು, ಮಗನ ಹೋಂವರ್ಕ್, ಅತ್ತೆಯ ರಾತ್ರಿಯ ಮಾತ್ರೆ, ಇವೆಲ್ಲ ಮುಗಿದ ಮೇಲೆ ಒಂಬತ್ತೂವರೆಯಿಂದ ಹತ್ತೂಮುಕ್ಕಾಲು. ಭಾನುವಾರ ಮಧ್ಯಾಹ್ನ ಮೂರು ಗಂಟೆ, ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಎರಡು ಗಂಟೆ. ಎಷ್ಟೇ ಎಳೆದರೂ ಹನ್ನೊಂದೂವರೆ ಗಂಟೆ ದಾಟಲಿಲ್ಲ. ಬೇಕಾದದ್ದರ ಅರ್ಧ. ಅವರ ಮುಖ ಸಣ್ಣಗಾಯಿತು. "ಹಾಗಾದ್ರೆ ಬಿಟ್ಟೇ ಬಿಡ್ಲಾ ಮೇಡಂ?" ಎಂದರು. ಬಿಡಬೇಕಾಗಿಲ್ಲ. ಇಗ್ನೋದಲ್ಲಿ ಸ್ನಾತಕೋತ್ತರ ಪದವಿಗೆ ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷ ಅವಧಿ ಇದೆ. ನಾಲ್ಕು ವರ್ಷಕ್ಕೆ ಹರಡಿದರೆ ವಾರಕ್ಕೆ ಹನ್ನೊಂದೂವರೆ ಗಂಟೆಯೇ ಸಾಕು. ಅವರಿಗೆ ಬಡ್ತಿಯ ಸರದಿ ಬರಲು ಇನ್ನೂ ಐದಾರು ವರ್ಷ ಇತ್ತು. ಎರಡೇ ವರ್ಷದಲ್ಲಿ ಮುಗಿಸಬೇಕೆಂಬ ಆತುರಕ್ಕೆ ಕಾರಣವೇ ಇರಲಿಲ್ಲ. ಅವರು ಸೇರಿದರು. ಗಂಡ ಭಾನುವಾರದ ಅಡುಗೆ ವಹಿಸಿಕೊಂಡರು ಎಂದು ಆಮೇಲೆ ಹೇಳಿದರು. ಆ ಮೂರು ಗಂಟೆ ಅವರಿಗೆ ಸಿಕ್ಕಿದ್ದು ಅದರಿಂದಲೇ. ಮನೆಯವರು ಕೆಲಸ ಹಂಚಿಕೊಳ್ಳದೆ ಗೃಹಿಣಿಯೊಬ್ಬಳು ಆನ್‌ಲೈನ್ ಪದವಿ ಮುಗಿಸಲಿ ಎನ್ನುವುದು ಅವಳ ನಿದ್ದೆಯನ್ನು ಕಿತ್ತುಕೊಳ್ಳುವ ಮಾತು.

ಈ ದಾರಿ ಯಾರಿಗೆ ಹೊಂದುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಅಮೆರಿಕದಲ್ಲಿದೆ. ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಯನ್ನು ಆನ್‌ಲೈನಿನಲ್ಲಿ ಆರಂಭಿಸಿತು. ಒಟ್ಟು ಶುಲ್ಕ ಸುಮಾರು 7,000 ಡಾಲರ್. ಹೊರರಾಜ್ಯದ ವಿದ್ಯಾರ್ಥಿ ಕ್ಯಾಂಪಸ್ಸಿಗೆ ಹೋಗಿ ಓದಿದರೆ 45,000 ಡಾಲರ್ ಆಸುಪಾಸು. ಕೊಡುವ ಪದವಿ ಒಂದೇ. ಜೋಶುವಾ ಗುಡ್‌ಮನ್, ಜೂಲಿಯಾ ಮೆಲ್ಕರ್ಸ್, ಅಮಾಂಡಾ ಪಲೈಸ್ ಎಂಬ ಮೂವರು ಇದನ್ನು ಅಧ್ಯಯನ ಮಾಡಿದರು. ಕ್ಯಾಂಪಸ್ಸಿಗೆ ಅರ್ಜಿ ಹಾಕಿದವರ ಸರಾಸರಿ ವಯಸ್ಸು 24, ಆನ್‌ಲೈನಿಗೆ ಹಾಕಿದವರದು 34. ಆನ್‌ಲೈನಿನವರಲ್ಲಿ ಬಹುಪಾಲು ಉದ್ಯೋಗದಲ್ಲಿದ್ದ ಅಮೆರಿಕನ್ನರು. ಕ್ಯಾಂಪಸ್ಸಿನ ಅರ್ಜಿಗಳು ಹೆಚ್ಚಾಗಿ ಹೊರದೇಶದವರದು. ಆನ್‌ಲೈನ್ ಪ್ರವೇಶ ಕೂದಲೆಳೆಯಲ್ಲಿ ತಪ್ಪಿಹೋದವರು ಹೆಚ್ಚಿನಂಶ ಬೇರೆಲ್ಲೂ ಸೇರಲೇ ಇಲ್ಲ. ಅಂದರೆ ಇದು ಕ್ಯಾಂಪಸ್ಸಿನ ವಿದ್ಯಾರ್ಥಿಗಳನ್ನು ಕಸಿದುಕೊಳ್ಳಲಿಲ್ಲ. ಓದಿನ ಅವಕಾಶವೇ ಇಲ್ಲದಿದ್ದ ವೃತ್ತಿಯ ನಡುದಾರಿಯಲ್ಲಿರುವ ದುಡಿಯುವವರಿಗೆ ಹೊಸದಾಗಿ ಬಾಗಿಲು ತೆರೆಯಿತು. ಅಗ್ಗದ ಶುಲ್ಕ, ಅದೇ ಪದವಿ, ಬಿಗಿಯಾದ ಪಠ್ಯ, ಕೈಯಲ್ಲಿ ಕೆಲಸವಿರುವ ವಿದ್ಯಾರ್ಥಿ ಒಂದೆಡೆ ಸೇರಿದಲ್ಲಿ ಆನ್‌ಲೈನ್ ಪದವಿ ತನ್ನ ಮಾತು ಉಳಿಸಿಕೊಂಡಿತು.

ಅದೇ ದೇಶದಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. ಹಲವು ಹೆಸರಾಂತ ವಿಶ್ವವಿದ್ಯಾಲಯಗಳು ಟೂ-ಯು ಎಂಬ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಆನ್‌ಲೈನ್ ಪದವಿಗಳನ್ನು ಕ್ಯಾಂಪಸ್ಸಿನ ದರಕ್ಕೇ ಮಾರಿದವು. ಶುಲ್ಕದ ಅರ್ಧಕ್ಕೂ ಹೆಚ್ಚು ಪಾಲು ಕಂಪನಿಗೆ ಹೋಗುತ್ತಿದ್ದ ಒಪ್ಪಂದಗಳಿದ್ದವು. ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಲಕ್ಷ ಡಾಲರಿಗೂ ಮೀರಿ ಸಾಲ ಮಾಡಿದವರು ಕೆಲಸಕ್ಕೆ ಸೇರಿದಾಗ ಆ ಸಾಲ ತೀರಿಸುವಷ್ಟು ಸಂಬಳ ಆ ವೃತ್ತಿಯಲ್ಲೇ ಇರಲಿಲ್ಲ. 2021ರಲ್ಲಿ 80 ಕೋಟಿ ಡಾಲರ್ ಕೊಟ್ಟು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯನ್ನು ಕೊಂಡ ಆ ಕಂಪನಿ 2024ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು.

ನಮ್ಮಲ್ಲೂ ವಿಶ್ವವಿದ್ಯಾಲಯ ಮತ್ತು ವಿದ್ಯಾರ್ಥಿಯ ನಡುವೆ ಮಾರಾಟಗಾರರು ಬಂದು ನಿಂತಿದ್ದಾರೆ. ಒಮ್ಮೆ ಮೊಬೈಲ್ ನಂಬರ್ ಕೊಟ್ಟರೆ ದಿನವೂ ಕರೆ. "ಇನ್ನು ಮೂರೇ ಸೀಟು ಉಳಿದಿವೆ, ಇವತ್ತು ರಾತ್ರಿ ಹನ್ನೆರಡರ ಒಳಗೆ ಕಟ್ಟಿದರೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ" ಎನ್ನುತ್ತಾರೆ. ಗೋಡೆಗಳೇ ಇಲ್ಲದ ತರಗತಿಯಲ್ಲಿ ಮೂರೇ ಸೀಟು ಉಳಿಯುವುದು ಹೇಗೆ ಎಂದು ಕೇಳಿ. ಕರೆ ಮಾಡಿದವರು ತಮ್ಮನ್ನು ಕೌನ್ಸೆಲರ್ ಎಂದು ಕರೆದುಕೊಂಡರೂ ಅವರ ಸಂಬಳ ನಿಮ್ಮ ಪ್ರವೇಶದ ಮೇಲೆ ನಿಂತಿರುತ್ತದೆ. "ತಿಂಗಳಿಗೆ ಇಷ್ಟೇ" ಎನ್ನುವ ಇಎಂಐ ಎಷ್ಟೋ ಸಲ ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಟ್ಟ ಸಾಲ. ಮೊದಲ ಸೆಮಿಸ್ಟರಿಗೇ ಓದು ಬಿಟ್ಟರೂ ಕಂತು ಬಿಡುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳು ಎಡ್‌ಟೆಕ್ ಕಂಪನಿಗಳಿಗೆ ತಮ್ಮ ಕೋರ್ಸನ್ನು ಫ್ರಾಂಚೈಸಿ ಕೊಡುವಂತಿಲ್ಲ ಎಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿಯನ್ನು ಅವರಿಂದಲೇ ಪಡೆಯಿರಿ.

ಇನ್ನೊಂದು ಮಾತನ್ನು ಇಲ್ಲಿ ಕೂತ ತಂದೆತಾಯಿಯರಿಗೆ ಹೇಳಲೇಬೇಕು.

ಡಿಗ್ರಿಯಲ್ಲಿ ಒಳ್ಳೆಯ ಅಂಕ ಪಡೆದ ಹೆಣ್ಣುಮಗಳು ಧಾರವಾಡಕ್ಕೋ ಮೈಸೂರಿನ ಮಾನಸಗಂಗೋತ್ರಿಗೋ ಕಲಬುರಗಿಗೋ ಹೋಗಿ ಎಂ.ಎ. ಓದುತ್ತೇನೆ ಎನ್ನುತ್ತಾಳೆ. ಮೊದಲಾದರೆ ಮನೆಯವರು ಬೇಡ ಎನ್ನಲು ಸಂಕೋಚ ಪಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಆ ಸಂಕೋಚದಿಂದಲೇ ಮಗಳು ಹಾಸ್ಟೆಲ್ ಸೇರಿದ್ದುಂಟು. ಈಗ "ಆನ್‌ಲೈನಲ್ಲೇ ಇದೆಯಲ್ಲ, ಮನೇಲೇ ಓದ್ಕೊ, ಸರ್ಟಿಫಿಕೇಟ್ ಒಂದೇ ತಾನೆ" ಎಂದು ಬಿಡುವುದು ಸುಲಭವಾಗಿದೆ. ಅದೇ ಮನೆಯ ಮಗ ಮಾತ್ರ ಬೆಂಗಳೂರಿಗೆ ಹೋಗುತ್ತಾನೆ. ಕಾನೂನಿನ ಪ್ರಕಾರ ಸರ್ಟಿಫಿಕೇಟ್ ಸಮಾನ, ನಿಜ. ಆದರೆ ಇಪ್ಪತ್ತೊಂದರ ಹುಡುಗಿಗೆ ಹಾಸ್ಟೆಲ್ಲಿನ ಎರಡು ವರ್ಷ ಏನು ಕೊಡುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಬೇರೆ ಜಿಲ್ಲೆಯ, ಬೇರೆ ಜಾತಿಯ ಗೆಳತಿಯ ಜೊತೆ ಒಂದೇ ಕೋಣೆ. ರಾತ್ರಿ ಗ್ರಂಥಾಲಯ ಮುಚ್ಚುವವರೆಗೆ ಓದು. ವಿಚಾರಸಂಕಿರಣದಲ್ಲಿ ಕಾಲು ನಡುಗುತ್ತಲೇ ಓದಿದ ಮೊದಲ ಪ್ರಬಂಧ. ನೆಟ್‌ಗೆ ಒಟ್ಟಿಗೆ ಓದುವ ಗುಂಪು. ಅಪ್ಪನ ಸಹಿ ಇಲ್ಲದೆ ತಾನೇ ಬ್ಯಾಂಕಿಗೆ ಹೋಗಿ ಬಿಡಿಸಿಕೊಂಡ ವಿದ್ಯಾರ್ಥಿವೇತನ. ಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತವಳನ್ನು ನಾಲ್ಕು ಸಲ ಕಾಫಿ ಮಾಡು ಎಂದು ಕರೆಯುತ್ತಾರೆ. ಎರಡನೇ ಸೆಮಿಸ್ಟರಿಗೆ ಗಂಡು ನೋಡಲು ಬರುತ್ತಾರೆ. ತರಗತಿಗೆ ಹೋಗಿ ಓದಬಲ್ಲ ಮಗಳಿಗೆ ಆನ್‌ಲೈನ್ ಎಂದು ಹೇಳಬೇಡಿ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂ.ಎ. ಶುಲ್ಕ ಎಷ್ಟೋ ಖಾಸಗಿ ಆನ್‌ಲೈನ್ ಪದವಿಗಳ ಶುಲ್ಕಕ್ಕಿಂತ ಕಡಿಮೆ. ದುಡ್ಡಿನ ನೆಪವೂ ಅಲ್ಲಿ ನಿಲ್ಲುವುದಿಲ್ಲ.

ಸೇರಬೇಕೋ ಬೇಡವೋ ಎಂಬ ಅನುಮಾನ ಉಳಿದಿದ್ದರೆ ಪರೀಕ್ಷಿಸಿ ನೋಡಲು ಅಗ್ಗದ ದಾರಿ ಇದೆ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣ 2017ರಿಂದಲೂ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಅದಕ್ಕಿಂತ ಮೊದಲಿಂದಲೂ ಪಾಠಗಳನ್ನು ಉಚಿತವಾಗಿ ಕೊಡುತ್ತಿವೆ. ಎನ್‌ಪಿಟೆಲ್ ಪರೀಕ್ಷೆ ಬರೆಯುವುದಾದರೆ ಸಾವಿರ ರೂಪಾಯಿ ಆಸುಪಾಸು. ನೀವು ಓದಬೇಕೆಂದಿರುವ ವಿಷಯದ್ದೇ ಹನ್ನೆರಡು ವಾರದ ಒಂದು ಕೋರ್ಸು ತೆಗೆದುಕೊಳ್ಳಿ. ವಾರವಾರ ಅಸೈನ್‌ಮೆಂಟ್ ಕೊಟ್ಟು, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆದು ಬಂದರೆ ಎರಡು ವರ್ಷದ ಪದವಿಯನ್ನೂ ಮುಗಿಸುತ್ತೀರಿ ಎಂಬ ಧೈರ್ಯ ಬರುತ್ತದೆ. ನಾಲ್ಕನೇ ವಾರಕ್ಕೇ ನಿಂತರೆ ಲಕ್ಷ ರೂಪಾಯಿ ಉಳಿಯಿತು. ಕೆಲವರಿಗೆ ಆ ಒಂದು ಕೋರ್ಸಿನಲ್ಲೇ ಬೇಕಾದ ವಿದ್ಯೆ ಸಿಕ್ಕಿ, ಪದವಿ ಬೇಡ ಎನಿಸಿದ್ದನ್ನೂ ಕಂಡಿದ್ದೇನೆ.

ನಮ್ಮ ವಿಶ್ವವಿದ್ಯಾಲಯಗಳಿಗೆ ಒಂದು ಬೇಡಿಕೆ. ಆನ್‌ಲೈನ್ ಸ್ನಾತಕೋತ್ತರ ಪದವಿಗಳ ವಿಡಿಯೊ, ಪಠ್ಯ, ಚರ್ಚೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಮುಕ್ತ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಗಳನ್ನು ಕನ್ನಡದಲ್ಲೇ ಓದಿ ಬರೆಯಬಹುದು. ಆನ್‌ಲೈನಿನಲ್ಲೂ ಆ ಸೌಲಭ್ಯ ಬರಬೇಕು. ಕನ್ನಡ ಮಾಧ್ಯಮದಲ್ಲಿ ಡಿಗ್ರಿ ಮುಗಿಸಿದ ಅಂಗನವಾಡಿ ಮೇಲ್ವಿಚಾರಕಿಗೂ, ಗ್ರಾಮ ಪಂಚಾಯಿತಿ ಕಾರ್ಯದರ್ಶಿಗೂ ತಿಳಿಯುವ ಕನ್ನಡದಲ್ಲಿ ಪಾಠಗಳಾಗಲಿ. ವಿಡಿಯೊ ಹಾಕಿ ಕೈತೊಳೆದುಕೊಳ್ಳದೆ, ಪ್ರಶ್ನೆ ಕೇಳಿದರೆ ಎರಡು ದಿನದೊಳಗೆ ಉತ್ತರಿಸುವ ಅಧ್ಯಾಪಕರನ್ನು ಸಂಬಳ ಕೊಟ್ಟು ನೇಮಿಸಿ. ಪ್ರತಿ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು ಎಂಬ ಅಂಕಿಅಂಶವನ್ನು ಪ್ರವೇಶ ಪ್ರಕಟಣೆಯಲ್ಲೇ ಅಚ್ಚು ಹಾಕಿ. ಸೇರುವವರಿಗೆ ಅದನ್ನು ತಿಳಿಯುವ ಹಕ್ಕಿದೆ.

ನನ್ನ ಅಭಿಪ್ರಾಯ ಇಷ್ಟು. ಕೆಲಸದಲ್ಲಿದ್ದು, ಪದವಿಯಿಂದ ಸಿಗುವುದೇನೆಂದು ಲಿಖಿತವಾಗಿ ತಿಳಿದುಕೊಂಡು, ವಾರದ ಗಂಟೆಗಳನ್ನು ಹೊಂದಿಸಿಕೊಂಡು, ಸಾಲವಿಲ್ಲದೆ ಶುಲ್ಕ ಕಟ್ಟಬಲ್ಲವರು ಧೈರ್ಯವಾಗಿ ಸೇರಿ. ಈಗಷ್ಟೇ ಡಿಗ್ರಿ ಮುಗಿಸಿದವರು, ಸಾಧ್ಯವಿದ್ದಷ್ಟೂ, ತರಗತಿಗೆ ಹೋಗಿ. ಆನ್‌ಲೈನ್ ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ-ಫೆಬ್ರವರಿ ಮತ್ತು ಜುಲೈ-ಆಗಸ್ಟ್ ಅವಧಿಗೆ ನಡೆಯುತ್ತದೆ. ಈ ಸಲ ಲೆಕ್ಕ ಕೂಡದಿದ್ದರೆ ಆರು ತಿಂಗಳು ಕಾಯುವುದರಿಂದ ಏನೂ ನಷ್ಟವಿಲ್ಲ.